ಬೆಲೆ ಎಷ್ಟು ಎಂದು ಕೇಳುವ ಮೊದಲು: ಎಂಟನೇ ತರಗತಿಯಲ್ಲಿ ಒಂದು ಸಣ್ಣ ಕಾರಿನ ಮೌಲ್ಯಮಾಪನ

ಪೀಠಿಕೆ

ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು, ಆಮೇಲೆ ಬಿ.ಇಡಿ.ಗೆ ಸೇರಿದವಳು ನಾನು. ಶೇಕಡಾ, ಬಡ್ಡಿ, ಸವಕಳಿ ಇವೆಲ್ಲ ನನಗೆ ನೀರು ಕುಡಿದಷ್ಟು ಸುಲಭ ಎಂಬ ಧೈರ್ಯ ಇತ್ತು. ಆದ್ದರಿಂದ ಬೋಧನಾ ಅಭ್ಯಾಸಕ್ಕೆಂದು ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋದಾಗ, ಎಂಟನೇ ತರಗತಿಯ ಶೇಕಡಾ ಮತ್ತು ಚಕ್ರಬಡ್ಡಿಯ ಅಧ್ಯಾಯವನ್ನು ನಾನೇ ಕೇಳಿ ಪಡೆದುಕೊಂಡೆ. ಉದಾಹರಣೆಗೆ ಸಣ್ಣ ಕಾರನ್ನು ಆರಿಸಿಕೊಂಡೆ. ನಮ್ಮ ಊರುಗಳಲ್ಲಿ ಕೊಬ್ಬರಿ ರೇಟು ಏರಿದ ವರ್ಷ ನಾಲ್ಕಾರು ಮನೆಗಳ ಮುಂದೆ ಕಾರು ಬಂದು ನಿಲ್ಲುತ್ತದೆ. ಅದರಲ್ಲಿ ಹೆಚ್ಚಿನವು ಸಣ್ಣ ಕಾರು, ಅದರಲ್ಲೂ ಸೆಕೆಂಡ್ ಹ್ಯಾಂಡ್. ಮಕ್ಕಳಿಗೆ ಗೊತ್ತಿರುವ ವಿಷಯ, ಪಾಠ ಸಲೀಸಾಗಿ ಸಾಗುತ್ತದೆ ಎಂದುಕೊಂಡಿದ್ದೆ.

ಸಾಗಲಿಲ್ಲ. ಮೊದಲ ಪಾಠ ಎಲ್ಲಿ ಕೆಟ್ಟಿತು, ಅದನ್ನು ಮೂರು ಅವಧಿಗಳಲ್ಲಿ ಮತ್ತೆ ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಮೊದಲ ಪಾಠ ಮತ್ತು ಅವಲೋಕನ ಟಿಪ್ಪಣಿ

ಹಿಂದಿನ ದಿನವೇ ಮನೆಗೆಲಸ ಕೊಟ್ಟಿದ್ದೆ: "ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಕಾರು ಕೊಂಡಿದ್ದರೆ, ಎಷ್ಟಕ್ಕೆ ಕೊಂಡರು ಎಂದು ಕೇಳಿ ಬರೆದುಕೊಂಡು ಬನ್ನಿ." ತರಗತಿಯ 34 ಮಕ್ಕಳಲ್ಲಿ ಒಂಬತ್ತು ಮಂದಿ ಬರೆದು ತಂದಿದ್ದರು.

ಪಾಠದ ಆರಂಭದಲ್ಲಿ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ನಾಲ್ಕು ಲಕ್ಷ ರೂಪಾಯಿಯ ಕಾರಿನ ಬೆಲೆ ವರ್ಷಕ್ಕೆ ಶೇ 10ರಂತೆ ಇಳಿದರೆ, ಮೂರು ವರ್ಷದ ನಂತರ ಅದರ ಬೆಲೆ ಎಷ್ಟು? ಮೊದಲ ವರ್ಷಕ್ಕೆ 3,60,000, ಎರಡನೆಯ ವರ್ಷಕ್ಕೆ 3,24,000, ಮೂರನೆಯ ವರ್ಷಕ್ಕೆ 2,91,600. ಮಕ್ಕಳು ಚೆನ್ನಾಗಿಯೇ ಮಾಡಿದರು. ಆಗ ಕಿಟಕಿ ಪಕ್ಕದ ಒಬ್ಬ ಹುಡುಗ ಎದ್ದು ಹೇಳಿದ:

"ಮಿಸ್, ಕಾರು ನೋಡ್ದೆ ರೇಟ್ ಹೆಂಗೆ ಹೇಳ್ತೀರ? ಇಂಜಿನ್ ಆಯಿಲ್ ಕುಡೀತಿದ್ರೆ ಅಷ್ಟಕ್ಕೆ ಯಾರೂ ತಗಳಲ್ಲ."

ಅವನ ತಂದೆ ಹೆದ್ದಾರಿ ಪಕ್ಕ ಗ್ಯಾರೇಜು ನಡೆಸುತ್ತಾರೆಂದು ಆಮೇಲೆ ತಿಳಿಯಿತು. ತರಗತಿ ನಕ್ಕಿತು. ನಾನೂ ನಕ್ಕು, "ಇದು ಲೆಕ್ಕದ ಪಾಠ, ಗ್ಯಾರೇಜಲ್ಲ" ಎಂದು ಕೂರಿಸಿದೆ. ನಂತರ ಮನೆಗೆಲಸ ಓದಿಸತೊಡಗಿದೆ. ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ಓದಿದಳು.

"ಎರಡು ಲಕ್ಷ ಹತ್ತು ಸಾವಿರ, ಮಿಸ್. ಈಗ ಇಲ್ಲ."

"ಮಾರಿದ್ರಾ?"

"ಇಲ್ಲ ಮಿಸ್. ಯಾರೋ ಬಂದು ತಗೊಂಡು ಹೋದ್ರು. ಮೊದ್ಲು ಇಟ್ಕೊಂಡಿದ್ದೋರು ಸಾಲ ಕಟ್ಟಿರ್ಲಿಲ್ವಂತೆ."

ಏನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. "ಸರಿ, ಮುಂದಿನವರು" ಎಂದೆ. ಮುಂದಿನವನು ಓದಿದ. ನಾನು ಅಂಕಿ ಬರೆದುಕೊಂಡೆ. ಅವಧಿ ಮುಗಿಯಿತು.

ಹಿಂದೆ ಕುಳಿತು ಪಾಠ ಅವಲೋಕಿಸುತ್ತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕಿ ಟಿಪ್ಪಣಿ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: "ಲೆಕ್ಕ ಸರಿಯಿದೆ. ಕೂತುಕೊಳ್ಳಲು ನೀನು ಹೇಳಲಿಲ್ಲ, ಆ ಮಗು ಕೊನೆಯವರೆಗೂ ನಿಂತೇ ಇತ್ತು."

ಆ ಸಂಜೆ ನಾನು ಎರಡು ತಪ್ಪುಗಳನ್ನು ಪಟ್ಟಿ ಮಾಡಿದೆ. ಒಂದು, ಕಾರಿನ ಮೌಲ್ಯ ಎಂದರೆ ಸೂತ್ರಕ್ಕೆ ಅಂಕಿ ಹಾಕುವುದು ಎಂದುಕೊಂಡು, ಸರಿಯಾದ ಪ್ರಶ್ನೆ ಕೇಳಿದ ಹುಡುಗನ ಬಾಯಿ ಮುಚ್ಚಿಸಿದ್ದೆ. ಎರಡು, ಪಾಠಕ್ಕೆ ಅಂಕಿ ಬೇಕೆಂದು ಮಕ್ಕಳ ಮನೆಯ ಬಾಗಿಲು ತೆರೆಸಿದ್ದೆ, ಒಳಗೆ ಏನಿದೆ ಎಂದು ಯೋಚಿಸಿರಲಿಲ್ಲ.

ಮರುಯೋಜನೆ

ಶಾಲೆಯ ಗಣಿತ ಶಿಕ್ಷಕರು ಮೂರು ಅವಧಿ ಬಿಟ್ಟುಕೊಟ್ಟರು. ಮಕ್ಕಳ ಮನೆಯ ಲೆಕ್ಕ ಕೇಳುವ ಬದಲು ನನ್ನ ಮನೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆಯಲು ತೀರ್ಮಾನಿಸಿದೆ. ಅದು ಹೀಗಿತ್ತು: ಅಮ್ಮನ ಚಿಕಿತ್ಸೆಗೆ ವಾರಕ್ಕೊಮ್ಮೆ ತುಮಕೂರಿಗೆ ಹೋಗಬೇಕು. ಹೋಗಿ ಬರಲು ಸುಮಾರು 150 ಕಿ.ಮೀ., ತಿಂಗಳಿಗೆ 600. ಬಸ್ಸಿನ ಮೆಟ್ಟಿಲು ಹತ್ತಲು ಅಮ್ಮನಿಗೆ ಆಗುವುದಿಲ್ಲ. ಅಪ್ಪನ ಕೈಯಲ್ಲಿ 1,70,000 ರೂಪಾಯಿ ಇದೆ. ಕಾರು ಕೊಳ್ಳಬೇಕೆ? ಕೊಂಡರೆ ಹೊಸದೋ ಹಳೆಯದೋ?

ಉದ್ದೇಶಗಳನ್ನು ಹೀಗೆ ಬರೆದುಕೊಂಡೆ. ವಿದ್ಯಾರ್ಥಿಯು:
1. ತೆರಿಗೆಯ ಶೇಕಡಾ ಬದಲಾವಣೆಗೂ ಬೆಲೆಯ ಶೇಕಡಾ ಬದಲಾವಣೆಗೂ ಇರುವ ವ್ಯತ್ಯಾಸವನ್ನು ಲೆಕ್ಕ ಮಾಡಿ ತೋರಿಸುವನು.
2. ಬಳಸಿದ ಕಾರನ್ನು ನೋಡಿ, ಮುಟ್ಟಿ, ಕಾಗದ ಓದಿ, ಬೆಲೆಯನ್ನು ಏರಿಳಿಸುವ ಅಂಶಗಳನ್ನು ಗುರುತಿಸುವನು.
3. ಒಟ್ಟು ವೆಚ್ಚವನ್ನು ಸ್ಥಿರ ವೆಚ್ಚ ಮತ್ತು ಓಟದ ವೆಚ್ಚ ಎಂದು ಬಿಡಿಸಿ, ರೇಖಾತ್ಮಕ ಸಮೀಕರಣದ ಮೂಲಕ ಆಯ್ಕೆಗಳನ್ನು ಹೋಲಿಸುವನು.
4. ಹಣದಲ್ಲಿ ಅಳೆಯಲಾಗದ ಅಂಶಗಳನ್ನು ಹೆಸರಿಸಿ, ಅವುಗಳ ಬಗ್ಗೆ ಕಾರಣ ಸಹಿತ ಅಭಿಪ್ರಾಯ ಕೊಡುವನು.

ಮೊದಲ ಅವಧಿ: ಹೊಸ ಕಾರಿನ ಬೆಲೆಯನ್ನು ಬಿಡಿಸುವುದು

"ಸಣ್ಣ ಕಾರು ಎಂದರೆ ಯಾವುದು?" ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಆಲ್ಟೊ, ವ್ಯಾಗನ್‌ಆರ್, ಟಿಯಾಗೊ ಎಂದು ಹೆಸರುಗಳು ಬಂದವು. ಪೆಟ್ರೋಲ್ ಕಾರಿನ ಮಟ್ಟಿಗೆ ಸರ್ಕಾರದ ತೆರಿಗೆ ನಿಯಮ ಎರಡು ಅಳತೆ ನೋಡುತ್ತದೆ: ಉದ್ದ 4,000 ಮಿಲಿಮೀಟರ್ ಮೀರಬಾರದು, ಇಂಜಿನ್ 1,200 ಸಿ.ಸಿ. ಮೀರಬಾರದು. ಆಲ್ಟೊ ಕೆ10ರ ಉದ್ದ 3,530 ಮಿ.ಮೀ., ಇಂಜಿನ್ 998 ಸಿ.ಸಿ. ಮಕ್ಕಳು ಟೇಪು ಹಿಡಿದು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದರ ಉದ್ದ ಗುರುತು ಮಾಡಿದರು. ನಾಲ್ಕು ಮೀಟರಿನ ಗೆರೆಗೆ ಇನ್ನೂ ಅರ್ಧ ಮೀಟರಿನಷ್ಟು ಜಾಗ ಉಳಿಯಿತು.

ಇಂಥ ಕಾರಿಗೆ 2025ರ ಸೆಪ್ಟೆಂಬರ್ 22ರವರೆಗೆ ಶೇ 28 ಜಿಎಸ್‌ಟಿ, ಅದರ ಜೊತೆಗೆ ಶೇ 1 ಸೆಸ್ ಇತ್ತು. ಅಂದಿನಿಂದ ಅದು ಶೇ 18ಕ್ಕೆ ಇಳಿಯಿತು. "ಹಾಗಾದರೆ ಬೆಲೆ ಶೇಕಡಾ ಎಷ್ಟು ಇಳಿಯಿತು?" ಎಂದೆ. ಇಡೀ ತರಗತಿ ಒಕ್ಕೊರಲಿನಿಂದ "ಹನ್ನೊಂದು" ಎಂದಿತು. ಈ ತಪ್ಪು ಬರುತ್ತದೆಂದು ಕಾದಿದ್ದೆ. ತೆರಿಗೆಗೆ ಮುಂಚಿನ ಬೆಲೆ 4,00,000 ಎಂದು ಹಿಡಿದು ಗುಂಪುಗಳಲ್ಲಿ ಲೆಕ್ಕ ಮಾಡಿಸಿದೆ.

ಹಳೆಯ ತೆರಿಗೆಯೊಂದಿಗೆ 5,16,000. ಹೊಸ ತೆರಿಗೆಯೊಂದಿಗೆ 4,72,000. ಇಳಿದದ್ದು 44,000. ಅದು 5,16,000ಕ್ಕೆ ಶೇ 8.5 ಮಾತ್ರ. ಹನ್ನೊಂದು ಎಂಬುದು 4,00,000ದ ಮೇಲಿನ ಲೆಕ್ಕ, ಎಂಟೂವರೆ ಎಂಬುದು ಕೊಳ್ಳುವವನು ಕೊಡುತ್ತಿದ್ದ ಹಣದ ಮೇಲಿನ ಲೆಕ್ಕ. "ಯಾವುದರ ಶೇಕಡಾ?" ಎಂದು ಕೇಳದೆ ಶೇಕಡಾ ಹೇಳಬಾರದು ಎಂಬ ಮಾತನ್ನು ಮಕ್ಕಳೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮುಂದೆ ಆನ್‌ರೋಡ್ ಬೆಲೆ. ನಮ್ಮ ರಾಜ್ಯದಲ್ಲಿ 5 ಲಕ್ಷದೊಳಗಿನ ಕಾರಿಗೆ ಶೇ 13 ಆಜೀವ ತೆರಿಗೆ, ಆ ತೆರಿಗೆಯ ಮೇಲೆ ಉಪಕರ. ಎರಡೂ ಸೇರಿ ಸುಮಾರು 68,000. ವಿಮೆ ಮತ್ತು ಇತರೆ ಖರ್ಚಿಗೆ 30,000 ಹಿಡಿದೆವು. 4,72,000 ಇದ್ದದ್ದು 5,70,000 ಆಯಿತು. ಅಪ್ಪನ 1,70,000 ಕಳೆದರೆ ಸಾಲ 4,00,000. ಶೇ 9.5ರ ಬಡ್ಡಿಗೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 8,400. ಒಟ್ಟು ಕಟ್ಟುವುದು 5,04,000, ಅದರಲ್ಲಿ ಬಡ್ಡಿ 1,04,000.

ಇದೇ ಅವಧಿಯ ಕೊನೆಗೆ, ಮೊದಲ ದಿನದ ಸವಕಳಿ ಲೆಕ್ಕಕ್ಕೆ ಹಿಂತಿರುಗಿದೆ. ವಿಮೆಯವರು ಕಾರಿನ ಮೌಲ್ಯ ನಿಗದಿ ಮಾಡಲು ಒಂದು ಪಟ್ಟಿ ಬಳಸುತ್ತಾರೆ. ಆರು ತಿಂಗಳವರೆಗೆ ಶೇ 5 ಕಡಿತ, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅದರ ಪ್ರಕಾರ ನಾಲ್ಕು ಲಕ್ಷದ ಕಾರಿಗೆ ಮೂರು ವರ್ಷ ತುಂಬಿದಾಗ 2,80,000. ನಮ್ಮ ಸೂತ್ರದ ಉತ್ತರ 2,91,600. "ಎರಡರಲ್ಲಿ ಯಾವುದು ಸರಿ?" ಎಂದು ಕೇಳಿ, ಗ್ಯಾರೇಜಿನ ಹುಡುಗನ ಕಡೆ ನೋಡಿದೆ. ಅವನು ಎದ್ದು ನಿಂತು, ಈ ಸಲ ತುಸು ಸಂಕೋಚದಿಂದ, "ಕಾರು ನೋಡ್ಬೇಕು ಮಿಸ್" ಎಂದ. "ನಾಳೆ ನೋಡೋಣ" ಎಂದೆ.

ಎರಡನೇ ಅವಧಿ: ಅಂಗಳದಲ್ಲಿ ನಿಂತ ಕಾರು

ಶಾಲೆಯ ವಿಜ್ಞಾನ ಶಿಕ್ಷಕರ ಬಳಿ 2014ರ ಆಲ್ಟೊ 800 ಇದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಕೀಲಿಯನ್ನು ಸರ್ ಕೈಯಲ್ಲೇ ಇಟ್ಟುಕೊಂಡು, ಕಾರನ್ನು ಧ್ವಜಸ್ತಂಭದ ಪಕ್ಕ ನಿಲ್ಲಿಸಿದೆವು. ಬೆಳಿಗ್ಗೆಯಿಂದ ಇಂಜಿನ್ ಚಾಲೂ ಮಾಡಬಾರದೆಂದು ಗ್ಯಾರೇಜಿನ ಹುಡುಗ ಮೊದಲೇ ಷರತ್ತು ಹಾಕಿದ್ದ. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತದಂತೆ. ಕಾರು ಮಾರುವವರು ನಾವು ಹೋಗುವ ಮೊದಲೇ ಚಾಲೂ ಮಾಡಿಟ್ಟಿದ್ದರೆ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು ಎಂದ. ಆ ಅವಧಿಗೆ ಅವನೇ ಸಹ ಶಿಕ್ಷಕ.

ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ.

ಟೈರಿನ ಗುಂಪು: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 3521 ಎಂದಿತ್ತು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2021ರ 35ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಗಾಡಿಗಳ ಆಳವನ್ನು ಸ್ಕೇಲಿನ ಮೊನೆಯಿಂದ ಅಳೆದರು. ಅದು 1.6 ಮಿ.ಮೀ.ಗಿಂತ ಕಡಿಮೆಯಾದರೆ ಟೈರು ಬದಲಿಸಬೇಕು. ಒಳಬದಿ ಮಾತ್ರ ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ ಎಂದು ಅರ್ಥ.

ಇಂಜಿನ್ ಗುಂಪು: ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿದರು. ಅಲ್ಲಿ ಬಿಳಿಯ ಕೆನೆಯಂಥ ಜಿಡ್ಡು ಇದ್ದರೆ ಆಯಿಲಿಗೆ ನೀರು ಸೇರಿರುವ ಅನುಮಾನ ಪಡಬೇಕು. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಸರ್ ಕಾರು ಎರಡರಲ್ಲೂ ಪಾಸಾಯಿತು, ಅವರ ಮುಖವೂ ಅರಳಿತು.

ದೇಹದ ಗುಂಪು: ಮೀಟರು ಎಷ್ಟೇ ತೋರಿಸಲಿ, ಕಾಲಿಡುವ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹೊಳಪು, ಚಾಲಕನ ಸೀಟಿನ ಕುಸಿತ ಇವು ನಿಜ ಹೇಳುತ್ತವೆ. ಮೂವತ್ತು ಸಾವಿರ ಕಿ.ಮೀ. ಓಡಿದೆ ಎನ್ನುವ ಕಾರಿನ ಪೆಡಲು ನುಣ್ಣಗಾಗಿದ್ದರೆ ಮೀಟರನ್ನು ನಂಬಬಾರದು. ಪ್ರಯೋಗಾಲಯದ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲು, ಮಡ್‌ಗಾರ್ಡ್ ಮೇಲೆ ಆಡಿಸಿದರು. ಎಡಬದಿಯ ಹಿಂದೆ ಒಂದು ಅಂಗೈಯಗಲ ಜಾಗದಲ್ಲಿ ಅಯಸ್ಕಾಂತ ಹಿಡಿಯಲಿಲ್ಲ. "ಅಲ್ಲಿ ಪುಟ್ಟಿ ಹಾಕಿದಾರೆ" ಎಂದ ಹುಡುಗ. ತೆಂಗಿನ ಮರಕ್ಕೆ ತಾಗಿಸಿದ್ದನ್ನು ಸರ್ ಒಪ್ಪಿಕೊಂಡರು. ಕಬ್ಬಿಣಕ್ಕೂ ಪುಟ್ಟಿಗೂ ಇರುವ ಕಾಂತೀಯ ವ್ಯತ್ಯಾಸವನ್ನು ನಾನು ಬೇರೆ ಪಾಠ ಮಾಡಿ ಹೇಳಬೇಕಾಗಲಿಲ್ಲ.

ಕಾಗದದ ಗುಂಪು: ಇದಕ್ಕಾಗಿ ನಾನೇ ಮೂರು ಕಾಲ್ಪನಿಕ ಆರ್‌ಸಿ ಹಾಳೆಗಳನ್ನು ಬರೆದು ತಂದಿದ್ದೆ. ಕಾರು 'ಅ' ನೋಡಲು ಚೆಂದ, ಬೆಲೆ ಕಡಿಮೆ, ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹೈಪೋಥಿಕೇಶನ್ ಎಂದು ಇನ್ನೂ ಉಳಿದಿದೆ. ಕಾರು 'ಆ' 2019ರಲ್ಲಿ ನೋಂದಣಿಯಾದರೂ ತಯಾರಾದದ್ದು 2018ರಲ್ಲಿ. ಕಾರು 'ಇ' ಮೂರನೇ ಮಾಲೀಕನದು. ಯಾವುದನ್ನು ಎಂಥ ಬೆಲೆಗೂ ಕೊಳ್ಳಬಾರದು, ಯಾಕೆ ಎಂಬುದು ಪ್ರಶ್ನೆ. ಜೊತೆಗೆ ಒಂದು ಮಾಹಿತಿ ಚೀಟಿ ಕೊಟ್ಟೆ: ಸಾಲ ತೀರಿದ ಮೇಲೆ ಸಾಲ ಕೊಟ್ಟವರಿಂದ ಎನ್‌ಒಸಿ ಪಡೆದು, ನಮೂನೆ 35 ಕೊಟ್ಟು ಆ ಹೆಸರನ್ನು ಆರ್‌ಟಿಒದಲ್ಲಿ ತೆಗೆಸಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ವಿಮೆಯನ್ನೂ ಹೊಸ ಮಾಲೀಕರ ಹೆಸರಿಗೆ ಮಾಡಿಸಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ರಿಯಾಯಿತಿ ಅವನಿಗೆ ಸೇರಿದ್ದು, ಕಾರಿನ ಜೊತೆ ಬರುವುದಿಲ್ಲ.

ಗುಂಪುಗಳನ್ನು ನಾನು ಹಂಚಲಿಲ್ಲ, ಮಕ್ಕಳೇ ಆರಿಸಿಕೊಂಡರು. ಮೂರನೇ ಬೆಂಚಿನ ಹುಡುಗಿ ಕಾಗದದ ಗುಂಪಿಗೆ ಹೋಗಿ ಕುಳಿತಳು. ಅವಳು ವರದಿ ಓದಲು ಎದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಬರೆಯಲು ಆಸೆ ಇದೆ. ಹಾಗಾಗಲಿಲ್ಲ. ವರದಿ ಓದಿದ್ದು ಬೇರೆ ಹುಡುಗ. ಆದರೆ ಗುಂಪಿನ ಹಾಳೆಯ ಮೊದಲ ಸಾಲು ಅವಳ ಕೈಬರಹದಲ್ಲಿತ್ತು: "ದುಡ್ಡು ಕೊಡುವ ಮೊದಲು ಸಾಲ ಇದೆಯಾ ನೋಡಬೇಕು. ಅವರು ಇಲ್ಲ ಅಂದರೂ ಆರ್‌ಸಿಯಲ್ಲೇ ನೋಡಬೇಕು."

ಮೂರನೇ ಅವಧಿ: ಐದು ವರ್ಷದ ಲೆಕ್ಕ

ಹೊಸ ಕಾರಿಗೆ ಎದುರಾಗಿ ಏಳು ವರ್ಷ ಹಳೆಯ, 2,40,000 ರೂಪಾಯಿಯ ಒಂದು ಕಾರನ್ನು ಇಟ್ಟೆವು. ಖಾಸಗಿ ಕಾರಿನ ಆರ್‌ಸಿ ಮೊದಲಿಗೆ 15 ವರ್ಷಕ್ಕೆ ಇರುವುದರಿಂದ ಇನ್ನು ಐದು ವರ್ಷ ಓಡಿಸಲು ಅಡ್ಡಿಯಿಲ್ಲ. ಓಟ ತಿಂಗಳಿಗೆ 600, ಐದು ವರ್ಷಕ್ಕೆ 36,000 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದೆವು.

ಮೈಲೇಜಿನ ಬಗ್ಗೆ ಚರ್ಚೆ ನಡೆಯಿತು. ಆಲ್ಟೊ ಕೆ10ಕ್ಕೆ ಅಧಿಕೃತ ಪರೀಕ್ಷೆಯಲ್ಲಿ ಬಂದಿರುವ ಅಂಕಿ ಲೀಟರಿಗೆ 24 ಕಿ.ಮೀ. ದಾಟುತ್ತದೆ. ಅದು ಪ್ರಯೋಗಾಲಯದ ಓಟ. ವಿಜ್ಞಾನ ಶಿಕ್ಷಕರು ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಅಳೆದಿದ್ದರು: 272 ಕಿ.ಮೀ.ಗೆ 17 ಲೀಟರ್, ಅಂದರೆ 16. ಹಾಗಾಗಿ ಹಳೆಯದಕ್ಕೆ 16, ಹೊಸದಕ್ಕೆ 18 ಹಿಡಿದೆವು.

ಹೊಸ ಕಾರು: ಆನ್‌ರೋಡ್ 5,70,000, ಬಡ್ಡಿ 1,04,000, ಸರ್ವಿಸ್ 30,000, ಮುಂದಿನ ನಾಲ್ಕು ವರ್ಷದ ವಿಮೆ 32,000, ಪೆಟ್ರೋಲ್ 2,06,000. ಒಟ್ಟು 9,42,000. ಐದು ವರ್ಷದ ನಂತರ ಅರ್ಧ ಬೆಲೆಗೆ, ಅಂದರೆ 2,36,000ಕ್ಕೆ ಮಾರಿದರೆ ನಿವ್ವಳ ವೆಚ್ಚ 7,06,000.

ಹಳೆಯ ಕಾರು: ಬೆಲೆ 2,40,000, ಕೊಂಡ ಕೂಡಲೇ ಟೈರು, ಬ್ಯಾಟರಿ, ಬ್ರೇಕಿಗೆ 30,000, ಒಂದು ಲಕ್ಷದ ಸಾಲಕ್ಕೆ ಬಡ್ಡಿ 27,000, ರಿಪೇರಿ 80,000, ವಿಮೆ 30,000, ಪೆಟ್ರೋಲ್ 2,31,750. ಒಟ್ಟು 6,38,750. ಕೊನೆಗೆ 90,000ಕ್ಕೆ ಮಾರಿದರೆ ನಿವ್ವಳ 5,48,750.

27,000 ಬಡ್ಡಿ ಎಂಬಲ್ಲಿ ಸ್ವಲ್ಪ ನಿಲ್ಲಿಸಿದೆ. ಅದು ಮೂರು ವರ್ಷಕ್ಕೆ 'ಶೇ 9 ಫ್ಲಾಟ್' ದರದ ಲೆಕ್ಕ. ಪ್ರತಿ ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ ಒಂದು ಲಕ್ಷದ ಮೇಲೆಯೇ. ಹದಿನೆಂಟನೇ ಕಂತಿಗೆ ಅರ್ಧ ಅಸಲು ವಾಪಸು ಹೋಗಿರುತ್ತದೆ, ಬಡ್ಡಿ ಅರ್ಧವಾಗಿರುವುದಿಲ್ಲ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಸಾಲಕ್ಕೆ ಹೋಲಿಸಿದರೆ ಇದು ಶೇ 16 ದಾಟುತ್ತದೆ. ಹೊಸ ಕಾರಿನ ಶೇ 9.5 ದೊಡ್ಡದು, ಇದು ಚಿಕ್ಕದು ಎಂದು ಕಂಡಿದ್ದು ಬರೀ ಹೇಳುವ ರೀತಿಯಿಂದ.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಯೋಜನೆಯಲ್ಲಿ ಇಲ್ಲದ ಪ್ರಶ್ನೆ ಕೇಳಿದಳು: "ಮಿಸ್, ಬಾಡಿಗೆ ಕಾರಲ್ಲಿ ಹೋದ್ರೆ?" ಕಿ.ಮೀ.ಗೆ 14 ರೂಪಾಯಿ ಎಂದು ಮಕ್ಕಳೇ ಹೇಳಿದರು. 36,000ಕ್ಕೆ 5,04,000. ಮೂರರಲ್ಲಿ ಇದೇ ಕಡಿಮೆ! ತರಗತಿಯಲ್ಲಿ ಗದ್ದಲ ಎದ್ದಿತು.

ಈ ಗದ್ದಲವನ್ನು ಸಮೀಕರಣಕ್ಕೆ ಇಳಿಸಿದೆವು. ಪೆಟ್ರೋಲ್ ಬಿಟ್ಟು ಉಳಿದುದನ್ನು ಸ್ಥಿರ ವೆಚ್ಚ ಎಂದು ಹಿಡಿದರೆ, ಹೊಸದಕ್ಕೆ 5,00,000, ಹಳೆಯದಕ್ಕೆ 3,17,000, ಬಾಡಿಗೆಗೆ ಸೊನ್ನೆ. ಕಿ.ಮೀ.ಗೆ ಓಟದ ವೆಚ್ಚ ಹೊಸದಕ್ಕೆ 5.72, ಹಳೆಯದಕ್ಕೆ 6.44, ಬಾಡಿಗೆಗೆ 14. ಐದು ವರ್ಷದ ಓಟ x ಆಗಿರಲಿ. 14x = 3,17,000 + 6.44x ಎಂದು ಬರೆದರೆ x ಸುಮಾರು 42,000, ಅಂದರೆ ತಿಂಗಳಿಗೆ 700 ಕಿ.ಮೀ. ಅದಕ್ಕಿಂತ ಕಡಿಮೆ ಓಡುವವರಿಗೆ ಬಾಡಿಗೆ, ಹೆಚ್ಚು ಓಡುವವರಿಗೆ ಹಳೆಯ ಕಾರು ಅಗ್ಗ. ಹೊಸ ಕಾರು ಬಾಡಿಗೆಗೆ ಸಮನಾಗುವುದು ತಿಂಗಳಿಗೆ ಸುಮಾರು 1,000 ಕಿ.ಮೀ. ಓಡಿಸಿದಾಗ. ಹೊಸದು ಹಳೆಯದಕ್ಕೆ ಸಮನಾಗಲು ಐದು ವರ್ಷದಲ್ಲಿ ಎರಡೂವರೆ ಲಕ್ಷ ಕಿ.ಮೀ. ಮೀರಿ ಓಡಬೇಕು. ರಿಪೇರಿಯೂ ಓಟದ ಜೊತೆ ಏರುತ್ತದೆ, ಬಾಡಿಗೆಯಲ್ಲಿ ಚಾಲಕನ ಬತ್ತವೂ ಇರುತ್ತದೆ. ಈ ಮಾದರಿ ಅವನ್ನು ಬಿಟ್ಟಿದೆ ಎಂಬುದನ್ನು ಹಲಗೆಯ ಮೂಲೆಯಲ್ಲಿ ಬರೆದೆವು.

ಅಂಕಿಯಾಚೆಯ ಅಂಶ

"ಹಾಗಾದರೆ ಹೊಸ ಕಾರು ಕೊಳ್ಳುವವರೆಲ್ಲ ದಡ್ಡರೇ?" ಎಂದು ಕೇಳಿದೆ. ಸುರಕ್ಷತೆಯ ಮಾತು ಬಂದಿತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಅದೇ ವರ್ಷ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಅಂದರೆ ಕಾರು 'ಆ' 2018ರಲ್ಲಿ ತಯಾರಾಗಿದೆ ಎಂಬುದು ಬರೀ ಬೆಲೆಯ ವಿಷಯವಲ್ಲ, ಅದರಲ್ಲಿ ಇವು ಇಲ್ಲದಿರಬಹುದು. ಹೊಸದೆಂದ ಮಾತ್ರಕ್ಕೆ ಭದ್ರವೆಂದೂ ಅಲ್ಲ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆಲ್ಟೊ ಕೆ10ಕ್ಕೆ ವಯಸ್ಕರ ರಕ್ಷಣೆಗೆ ಎರಡು ತಾರೆ, ಮಕ್ಕಳ ರಕ್ಷಣೆಗೆ ಸೊನ್ನೆ ಬಂದಿತ್ತು. ಪರೀಕ್ಷೆಗೆ ಒಳಗಾದದ್ದು ಎರಡು ಏರ್‌ಬ್ಯಾಗಿನ ಕಾರು. 2025ರಲ್ಲಿ ಅದಕ್ಕೆ ಆರು ಏರ್‌ಬ್ಯಾಗ್ ಬಂದವು. 2020ರಲ್ಲಿ ಟಿಯಾಗೊ ವಯಸ್ಕರ ರಕ್ಷಣೆಗೆ ನಾಲ್ಕು ತಾರೆ ಪಡೆದಿತ್ತು, ಆದರೆ ಆಗಿನ ಪರೀಕ್ಷಾ ನಿಯಮ ಬೇರೆ. ಎರಡು ಬೇರೆ ಪ್ರಶ್ನೆಪತ್ರಿಕೆಗಳ ಅಂಕ ಹೋಲಿಸಬಾರದು ಎಂದಾಗ ಮಕ್ಕಳಿಗೆ ಅರ್ಥವಾಯಿತು.

ಆಮೇಲೆ ಮೂರನೇ ಬೆಂಚಿನಿಂದ ದನಿ ಬಂತು. "ಮಿಸ್, ನಿಮ್ಮಮ್ಮಂಗೆ ರಾತ್ರಿ ಹೊತ್ತು ಹುಷಾರಿಲ್ದೆ ಆದ್ರೆ ಬಾಡಿಗೆ ಕಾರು ಬರುತ್ತಾ?"

ಹಳೆಯ ಕಾರಿಗೂ ಬಾಡಿಗೆಗೂ ಇರುವ ಅಂತರ 44,750. ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 750 ರೂಪಾಯಿ. "ಮನೆ ಮುಂದೆ ಕಾರು ನಿಂತಿದೆ ಎಂಬ ಧೈರ್ಯಕ್ಕೆ ತಿಂಗಳಿಗೆ 750 ಕೊಡಬಹುದೇ?" ಎಂದು ಹಲಗೆಯ ಮೇಲೆ ಬರೆದೆ. ಕೊಡಬಹುದು ಎಂದವರು 19, ಬೇಡ ಎಂದವರು 11, ನಾಲ್ವರು ತೀರ್ಮಾನಿಸಲಿಲ್ಲ. ಪ್ರತಿಯೊಬ್ಬರೂ ಕಾರಣ ಬರೆದರು. ನಾನು ಯಾವುದಕ್ಕೂ ಸರಿ ತಪ್ಪು ಹಾಕಲಿಲ್ಲ. ಕಾರಣ ಇದೆಯೇ, ಅದಕ್ಕೆ ಅಂಕಿಯ ಆಧಾರ ಇದೆಯೇ ಎಂಬುದಕ್ಕೆ ಮಾತ್ರ ಅಂಕ ಕೊಟ್ಟೆ.

ಕಲಿಕೆಯ ಮೌಲ್ಯಮಾಪನ

ಕಿರುಪರೀಕ್ಷೆಯಲ್ಲಿ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದರೆ ಬೆಲೆ ಶೇಕಡಾ ಎಷ್ಟು ಇಳಿಯುತ್ತದೆ ಎಂದು ಕೇಳಿದ್ದೆ. 34ರಲ್ಲಿ 23 ಮಂದಿ ಶೇ 6.25 ಎಂದು ಸರಿಯಾಗಿ ಬರೆದರು, ಎಂಟು ಮಂದಿ ಮತ್ತೆ 7 ಎಂದರು. ಮೂವರು ಬರೆಯಲಿಲ್ಲ. ಸಮೀಕರಣ ರಚಿಸುವ ಪ್ರಶ್ನೆಯಲ್ಲಿ 17 ಮಂದಿ ಮಾತ್ರ ಯಶಸ್ವಿಯಾದರು. ದಶಮಾಂಶಗಳು ಅಡ್ಡ ಬಂದವು. ಮುಂದಿನ ಸಲ ಓಟದ ವೆಚ್ಚವನ್ನು 6, 14 ಎಂಬ ಪೂರ್ಣ ಸಂಖ್ಯೆಗಳಿಂದ ಆರಂಭಿಸುತ್ತೇನೆ.

ಆತ್ಮಾವಲೋಕನ

ಮೌಲ್ಯಮಾಪನ ಎಂಬ ಪದವನ್ನು ನಾವು ಕಾಲೇಜಿನಲ್ಲಿ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಕಾರಿನ ಮುಂದೆ ನಿಂತಾಗ ನನಗೆ ಅದರ ಕ್ರಮ ಸ್ಪಷ್ಟವಾಯಿತು. ಮೊದಲು ಯಾರಿಗಾಗಿ, ಯಾವ ಕೆಲಸಕ್ಕಾಗಿ, ಎಷ್ಟು ದಿನಕ್ಕಾಗಿ ಎಂದು ಕೇಳಬೇಕು. ಆಮೇಲೆ ಹತ್ತಿರ ಹೋಗಿ ನೋಡಬೇಕು. ಅದಾದ ಮೇಲೆ ಅಳೆಯಬೇಕು. ಬೆಲೆ ಕೊನೆಗೆ. ಮೊದಲ ದಿನ ನಾನು ಬೆಲೆಯಿಂದ ಶುರು ಮಾಡಿ, ನೋಡುವುದನ್ನೇ ಬಿಟ್ಟಿದ್ದೆ. ಕಾರನ್ನೂ ನೋಡಲಿಲ್ಲ, ನಿಂತಿದ್ದ ಮಗುವನ್ನೂ ನೋಡಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ನಿಜ ಜೀವನದ ಅಂಕಿ ಬೇಕಾದರೆ ಮೊದಲು ನಿಮ್ಮದನ್ನೇ ಹಲಗೆಗೆ ಹಾಕಿ. ಹಂಚಿಕೊಳ್ಳಬೇಕೆನಿಸಿದ ಮಕ್ಕಳು ತಾವಾಗಿ ಹಂಚಿಕೊಳ್ಳುತ್ತಾರೆ. ತರಗತಿಯಲ್ಲಿ ನಿಮಗಿಂತ ಹೆಚ್ಚು ಬಲ್ಲ ಮಗು ಇದ್ದರೆ ಅದರ ಕೈಗೆ ಸೀಮೆಸುಣ್ಣ ಕೊಡಿ. ನಿಮ್ಮ ಮರ್ಯಾದೆಗೇನೂ ಕುಂದು ಬರುವುದಿಲ್ಲ.

ಅಭ್ಯಾಸದ ಕೊನೆಯ ದಿನ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, "ಅವತ್ತು ನಿನ್ನ ನಿಲ್ಲಿಸ್ಬಿಟ್ಟೆ, ತಪ್ಪಾಯ್ತು" ಎಂದೆ. ಅವಳು ತಲೆಯಾಡಿಸಿ, "ಆ ಮಾಹಿತಿ ಚೀಟಿ ಇನ್ನೊಂದು ಇದ್ರೆ ಕೊಡಿ ಮಿಸ್, ಅಪ್ಪಂಗೆ ತೋರಿಸ್ಬೇಕು" ಎಂದಳು. ಕೊಟ್ಟೆ. ಮನೆಯಲ್ಲಿ ಲೆಕ್ಕದ ಹಾಳೆಯನ್ನು ನನ್ನ ಅಪ್ಪನಿಗೂ ತೋರಿಸಿದ್ದೇನೆ. ಅವರು ಸದ್ಯಕ್ಕೆ ತಿಂಗಳಿಗೆ ನಿಜಕ್ಕೂ ಎಷ್ಟು ಕಿ.ಮೀ. ಆಗುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದಾರೆ. ಮೂರು ತಿಂಗಳು ಬರೆದ ಮೇಲೆ ತೀರ್ಮಾನಿಸೋಣ ಎಂದಿದ್ದಾರೆ.